ಮಾಮೂಲು ನೆಗಡಿ

ಬೆಂಗಳೂರಿನ ಹಳೆಯ ಪೇಟೆಗಳ ಹೆಸರುಗಳು ಬಹುಮಟ್ಟಿಗೆ ತಮ್ಮ ಕಸುಬನ್ನು ತಾವೇ ಸಾರಿಕೊಳ್ಳುತ್ತವೆ. ಅಕ್ಕಿಪೇಟೆಗೆ ಅಕ್ಕಿ, ಬಳೇಪೇಟೆಗೆ ಬಳೆ, ಕುಂಬಾರಪೇಟೆಗೆ ಕುಂಬಾರ. ಇವುಗಳ ನಡುವೆ ಮಾಮೂಲ್‌ಪೇಟೆ ಎಂಬ ಹೆಸರು ಕನ್ನಡದ ಕಿವಿಗೆ ಸಣ್ಣದೊಂದು ನಗೆಯನ್ನು ತರುತ್ತದೆ. ಅರಬ್ಬಿಯಿಂದ ಹೊರಟು, ಪಾರಸಿ ಉರ್ದುಗಳ ದಾರಿಯಲ್ಲಿ ನಡೆದು ಕನ್ನಡಕ್ಕೆ ಬಂದ ‘ಮಾಮೂಲು’ ಎಂಬ ಮಾತಿಗೆ ವಾಡಿಕೆಯದು, ಎಂದಿನಂತೆ ನಡೆಯುವುದು ಎಂದು ಅರ್ಥ. ಮೇಜಿನ ಕೆಳಗೆ ಕೈಬದಲಾಗುವ ಮಾಮೂಲು ಒಂದು ಬಗೆಯದಾದರೆ, ಆಷಾಢದ ಗಾಳಿ ಕಳೆದು ಶ್ರಾವಣದ ಜಿಟಿಜಿಟಿ ಮಳೆ ಹಿಡಿದೊಡನೆ ಮನೆಮನೆಗೂ ಬರುವ ನೆಗಡಿ ಇನ್ನೊಂದು ಬಗೆಯ ಮಾಮೂಲು. ಮೊದಲನೆಯದನ್ನು ಜನ ಗೊಣಗುತ್ತ ಕೊಡುತ್ತಾರೆ; ಎರಡನೆಯದನ್ನು ಗೊಣಗುತ್ತ ತೆಗೆದುಕೊಳ್ಳುತ್ತಾರೆ.

ಶ್ರಾವಣದ ಒಂದು ಸಂಜೆ ಮಾಮೂಲ್‌ಪೇಟೆಯಲ್ಲಿ ಅಡ್ಡಾಡಿದವರಿಗೆ ಈ ಎರಡನೆಯ ಮಾಮೂಲಿನ ವ್ಯವಹಾರ ಹೇಗೆ ಸಾಗುತ್ತದೆಂಬುದು ಬೇಗನೆ ತಿಳಿಯುತ್ತದೆ. ಎದುರುಬದುರು ಅಂಗಡಿಗಳ ನಡುವೆ ಉಳಿದಿರುವ ಇಕ್ಕಟ್ಟಾದ ದಾರಿ. ಅದರಲ್ಲಿಯೇ ಕೈಗಾಡಿ, ಸ್ಕೂಟರು, ತಲೆಹೊರೆಯ ಕೂಲಿ, ಹಬ್ಬದ ಸಾಮಾನಿಗೆಂದು ಬಂದ ಗೃಹಿಣಿ, ಆಕೆಯ ಸೆರಗು ಹಿಡಿದ ಮಗು. ಒಬ್ಬರ ಉಸಿರು ಇನ್ನೊಬ್ಬರ ಹೆಗಲಿಗೆ ತಾಗುವಷ್ಟು ಸಮೀಪ. ನೆಗಡಿಯಾದ ಗುಮಾಸ್ತ ಮೂಗೊರಸಿಕೊಂಡ ಕೈಯಿಂದಲೇ ಚಿಲ್ಲರೆ ಎಣಿಸಿ ಕೊಡುತ್ತಾನೆ. ಚಿಲ್ಲರೆ ಪಡೆದ ಗಿರಾಕಿ, 2017ರಲ್ಲಿ ಆರಂಭವಾದ ಚಿಕ್ಕಪೇಟೆಯ ಮೆಟ್ರೋ ನಿಲ್ದಾಣಕ್ಕೆ ಇಳಿದು, ರೈಲಿನ ಕಂಬಿಯನ್ನು ಹಿಡಿದು, ಅರ್ಧಗಂಟೆಯೊಳಗೆ ಮಲ್ಲೇಶ್ವರವನ್ನೋ ಬಸವನಗುಡಿಯ ಅಂಚನ್ನೋ ಸೇರುತ್ತಾನೆ. ಜೊತೆಯಲ್ಲಿ ಟಿಕೆಟ್ಟಿಲ್ಲದ ಪ್ರಯಾಣಿಕನೊಬ್ಬನೂ ಸೇರುತ್ತಾನೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಆ ಮನೆಯ ಮಗುವಿನ ಮೂಗು ಸುರಿಯತೊಡಗುತ್ತದೆ. ‘ನಿನ್ನೆ ಐಸ್‌ಕ್ರೀಂ ತಿಂದೆಯಲ್ಲ, ಅದಕ್ಕೇ’ ಎಂದು ತೀರ್ಪೂ ಹೊರಬೀಳುತ್ತದೆ.

ಈ ತೀರ್ಪಿನಲ್ಲಿ ಭಾಷೆಯ ಕೈವಾಡವೂ ಇಲ್ಲದಿಲ್ಲ. ಕನ್ನಡದಲ್ಲಿ ಶೀತವೆಂದರೆ ತಂಪು; ಶೀತವೆಂದರೆ ಕಾಯಿಲೆಯೂ ಹೌದು. ಇಂಗ್ಲಿಷಿನವರ ‘ಕೋಲ್ಡ್’ ಕೂಡ ಹಾಗೆಯೇ. ಒಂದೇ ಮಾತಿನಲ್ಲಿ ಕಾರಣವನ್ನೂ ಕಾರ್ಯವನ್ನೂ ಕಟ್ಟಿಹಾಕಿದ ಮೇಲೆ ಮನಸ್ಸು ಬೇರೆ ಕಾರಣವನ್ನು ಹುಡುಕುವ ಗೋಜಿಗೆ ಹೋಗುವುದಿಲ್ಲ. ಆದರೆ ನೆಗಡಿಯನ್ನು ತರುವುದು ತಂಪಲ್ಲ, ವೈರಸ್ ಎಂಬ ಅತಿಸೂಕ್ಷ್ಮ ಜೀವಕಣ. ಜರ್ಮನಿಯ ವಾಲ್ಟರ್ ಕ್ರೂಸೆ ಎಂಬ ವಿಜ್ಞಾನಿ 1914ರಲ್ಲಿ ರೋಗಿಯ ಮೂಗಿನ ದ್ರವವನ್ನು, ಬ್ಯಾಕ್ಟೀರಿಯಗಳು ನುಸುಳಲಾರದ ಸೋಸುಕದಲ್ಲಿ ಸೋಸಿ, ಆರೋಗ್ಯವಂತರ ಮೂಗಿಗೆ ಹನಿಸಿದಾಗ ಅವರಲ್ಲಿ ಕೆಲವರಿಗೆ ನೆಗಡಿ ಹಿಡಿಯಿತು. 1950ರ ದಶಕದಲ್ಲಿ ‘ರೈನೋವೈರಸ್’ ಪತ್ತೆಯಾಯಿತು. ಅದರಲ್ಲೇ 160ಕ್ಕೂ ಮಿಕ್ಕ ಪ್ರಭೇದಗಳುಂಟು. ಮೂಗಿನ ಒಳಗಿನ ತಂಪಾದ ಸುಮಾರು 33 ಡಿಗ್ರಿ ಉಷ್ಣತೆ ಅದಕ್ಕೆ ಬಲು ಹಿತ. ಇದಲ್ಲದೆ ಬೇರೆ ಬೇರೆ ಕುಲದ ವೈರಸ್ಸುಗಳು ಹತ್ತಾರು. ಒಂದರ ವಿರುದ್ಧ ದೇಹ ಗಳಿಸಿಕೊಂಡ ರಕ್ಷಣೆ ಮತ್ತೊಂದಕ್ಕೆ ತಡೆಯಾಗದು. ಆದಕಾರಣವೇ ದೊಡ್ಡವರಿಗೆ ವರ್ಷಕ್ಕೆ 2–3 ಸಲ, ಶಾಲೆಗೆ ಹೋಗುವ ಎಳೆಯ ಮಕ್ಕಳಿಗೆ 6–8 ಸಲ ನೆಗಡಿ ಬರುವುದು ಸಹಜ. ‘ನಮ್ಮ ಮಗುವಿಗೆ ಶಕ್ತಿಯೇ ಇಲ್ಲ, ಯಾವಾಗಲೂ ನೆಗಡಿ’ ಎಂದು ಕೊರಗುವ ತಾಯಂದಿರು ಈ ಲೆಕ್ಕವನ್ನು ಮೊದಲು ನೆನೆಯಬೇಕು.

ಹಾಗಾದರೆ ಮಳೆಯಲ್ಲಿ ನೆನೆಯಬೇಡವೆಂದ ಅಜ್ಜಿಯ ಮಾತು ಪೂರ್ತಿ ಸುಳ್ಳೆ? ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ನೆಗಡಿಯ ಸಂಶೋಧನೆಗೆಂದೇ ಒಂದು ಕೇಂದ್ರ ಆರಂಭವಾಗಿ ನಾಲ್ಕು ದಶಕಗಳಿಗೂ ಮೀರಿ ನಡೆಯಿತು. ಅಲ್ಲಿ ಸ್ವಯಂಸೇವಕರನ್ನು ತೋಯಿಸಿ, ಗಾಳಿಗೆ ನಿಲ್ಲಿಸಿ ನೋಡಿದರು. ಚಳಿಯಿಂದ ನೆಗಡಿ ಹೆಚ್ಚಿದಂತೆ ಕಾಣಲಿಲ್ಲ. ಆದರೆ 2005ರಲ್ಲಿ ಕಾರ್ಡಿಫ್ ನಗರದ ಸಂಶೋಧಕರು 90 ಮಂದಿಯ ಪಾದಗಳನ್ನು ತಣ್ಣೀರಿನಲ್ಲಿ 20 ನಿಮಿಷ ಇರಿಸಿ, ಇನ್ನು 90 ಮಂದಿಯ ಪಾದಗಳನ್ನು ಬರಿಯ ಬೋಗುಣಿಯಲ್ಲಿರಿಸಿ ನೋಡಿದರು. ನಾಲ್ಕೈದು ದಿನಗಳಲ್ಲಿ ಮೊದಲ ಗುಂಪಿನ 13 ಮಂದಿಯೂ ಎರಡನೆಯ ಗುಂಪಿನ 5 ಮಂದಿಯೂ ನೆಗಡಿಯಾಯಿತೆಂದರು. ಆಗಲೇ ಮೂಗಿನಲ್ಲಿ ಸದ್ದಿಲ್ಲದೆ ಕುಳಿತಿದ್ದ ವೈರಸ್ಸಿಗೆ, ಚಳಿಯಿಂದ ಮೂಗಿನ ರಕ್ತನಾಳಗಳು ಸಂಕೋಚಗೊಂಡಾಗ ಎಡೆ ದೊರೆತಿರಬಹುದೆಂಬುದು ಆ ಸಂಶೋಧಕರ ಊಹೆ. ಕಳ್ಳ ಬರುವುದು ಹೊರಗಿನಿಂದಲೇ. ಆದರೆ ಮನೆಯ ಅಗುಳಿ ಸಡಿಲವಾಗಿದ್ದರೆ ಅವನ ಕೆಲಸ ಹಗುರ. ಊಟ, ನಿದ್ರೆ, ಗಾಳಿ, ನಡೆನುಡಿಗಳೆಲ್ಲ ಈ ಅಗುಳಿಗೆ ಸಂಬಂಧಪಟ್ಟವು.

ಈ ಅಗುಳಿಯ ವಿಷಯವನ್ನು ವೈರಸ್ಸಿನ ಹೆಸರೇ ತಿಳಿಯದ ಕಾಲದಲ್ಲಿ ಬಲ್ಲವರಿದ್ದರು. ಸಂಸ್ಕೃತದಲ್ಲಿ ನೆಗಡಿಗೆ ‘ಪ್ರತಿಶ್ಯಾಯ’ವೆಂದು ಹೆಸರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅದರ ಕಾರಣಗಳನ್ನು ಎಣಿಸುವಾಗ ತಣ್ಣೀರು ಮಂಜುಗಳ ಜೊತೆಗೆ ಅಜೀರ್ಣ, ಧೂಳು, ಅತಿಯಾದ ಮಾತು, ಕೋಪ, ಋತುಗಳ ಏರುಪೇರು, ರಾತ್ರಿ ಜಾಗರಣೆ ಇವೂ ಬರುತ್ತವೆ. ಐಸ್‌ಕ್ರೀಮಿನ ಮೇಲೆಯೇ ಎಲ್ಲ ಹೊರೆಯನ್ನೂ ಹೊರಿಸುವವರು ಪಟ್ಟಿಯ ಉಳಿದ ಭಾಗವನ್ನು ಓದದೆ ಬಿಟ್ಟಿದ್ದಾರೆಂದು ತೋರುತ್ತದೆ.

ಜಾಗರಣೆಯನ್ನೇ ಮೊದಲು ತೆಗೆದುಕೊಳ್ಳಬಹುದು. ಪೇಟೆಯ ವ್ಯಾಪಾರಿ ಕುಟುಂಬಗಳಲ್ಲಿ ಅಂಗಡಿ ಮುಚ್ಚಿ ಲೆಕ್ಕ ಬರೆದು ಯಜಮಾನರು ಊಟಕ್ಕೆ ಕೂರುವಾಗ ಹತ್ತು ಗಂಟೆ ಕಳೆದಿರುತ್ತದೆ. ಬಡಾವಣೆಗಳ ಉದ್ಯೋಗಸ್ಥರ ಮನೆಗಳ ಸ್ಥಿತಿಯೂ ಬೇರೆಯಲ್ಲ. ಅಲ್ಲಿ ದೀಪ ಆರಿದ ಮೇಲೂ ಮೊಬೈಲಿನ ಬೆಳಕು ಆರುವುದಿಲ್ಲ. ಬೆಳಗ್ಗೆ ಶಾಲೆಯ ವಾಹನ ಮಾತ್ರ ಏಳು ಗಂಟೆಗೇ ಬಾಗಿಲಲ್ಲಿ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 153 ಮಂದಿ ಆರೋಗ್ಯವಂತರ ನಿದ್ರೆಯನ್ನು ಎರಡು ವಾರ ಲೆಕ್ಕವಿಟ್ಟು, ಅನಂತರ ಅವರ ಮೂಗಿಗೆ ನೆಗಡಿಯ ವೈರಸ್ಸನ್ನು ಹನಿಸಿ ನೋಡಿ, 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 8 ಗಂಟೆ ಅಥವಾ ಅದಕ್ಕೂ ಹೆಚ್ಚು ಮಲಗುವವರಿಗಿಂತ 7 ಗಂಟೆಗೂ ಕಡಿಮೆ ಮಲಗುವವರು ನೆಗಡಿಗೆ ತುತ್ತಾಗುವ ಸಂಭವ ಸುಮಾರು ಮೂರು ಪಟ್ಟು! ಇದಕ್ಕೆ ಮುಂಚೆ, 1991ರಲ್ಲಿ, ಅದೇ ಕೋಹೆನ್ನರು ಸಾಲ್ಸ್‌ಬರಿಯ ಕೇಂದ್ರದವರೊಡನೆ ಸೇರಿ ಮಾಡಿದ ಅಧ್ಯಯನದಲ್ಲಿ, ಮನಸ್ಸಿನ ಒತ್ತಡ ಹೆಚ್ಚಿದಷ್ಟೂ ನೆಗಡಿಯ ಸಂಭವವೂ ಹೆಚ್ಚುವುದೆಂದು ಕಂಡಿತ್ತು. ಜಾಗರಣೆ, ಕೋಪ ಎಂದು ಚರಕಸಂಹಿತೆ ಹೇಳಿದ್ದು ಪ್ರಯೋಗಶಾಲೆಯಲ್ಲಿ ಎರಡನೆಯ ಸಲ ಜನ್ಮತಾಳಿತೆನ್ನಬಹುದು. ಪರೀಕ್ಷೆಯ ಹಿಂದಿನ ವಾರ ಮಗನನ್ನು ಹನ್ನೆರಡರವರೆಗೆ ಓದಿಸಿ, ಪರೀಕ್ಷೆಯ ದಿನ ಅವನು ಕೆಮ್ಮುತ್ತ ಏಳುವುದನ್ನು ಕಂಡು ‘ಯಾರ ಕಣ್ಣು ಬಿತ್ತೋ’ ಎಂದು ದೃಷ್ಟಿ ತೆಗೆಯುವ ತಂದೆತಾಯಿಗಳು, ಗಡಿಯಾರದ ಕಡೆಗೂ ಒಮ್ಮೆ ದೃಷ್ಟಿ ಹರಿಸುವುದು ಒಳ್ಳೆಯದು.

ಇನ್ನು ಧೂಳು ಮತ್ತು ಹೊಗೆ. ಗಾಳಿ ಬೆಳಕುಗಳ ಬೆಲೆಯನ್ನು ಬೆಂಗಳೂರು ಒಮ್ಮೆ ಪ್ರಾಣ ತೆತ್ತು ಕಲಿತ ಊರು. 1898ರ ಆಗಸ್ಟಿನಲ್ಲಿ ಪ್ಲೇಗು ಇಲ್ಲಿಗೆ ಕಾಲಿಟ್ಟಾಗ ಒತ್ತೊತ್ತಾಗಿ ಮನೆಗಳಿದ್ದ ಹಳೆಯ ಪೇಟೆ ತತ್ತರಿಸಿತು. ಆ ಬಳಿಕ ಅಗಲವಾದ ರಸ್ತೆ, ಮನೆಮನೆಯ ನಡುವೆ ತೆರಪು, ಹಿಂದೆ ಕಸದ ಗಲ್ಲಿ ಎಂದು ಅಳೆದು ಹಾಕಿದ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಪ್ಲೇಗು ಇಲಿ ಚಿಗಟಗಳ ರೋಗ, ನೆಗಡಿ ಉಸಿರು ಕೈಗಳ ರೋಗ; ಎರಡಕ್ಕೂ ದಾರಿ ಬೇರೆ. ಆದರೆ ಇಕ್ಕಟ್ಟು ಎಂಬುದು ಇಬ್ಬರಿಗೂ ನೆಂಟ. ಅಂದು ಗಾಳಿಗಾಗಿ ಊರನ್ನೇ ಹಿಗ್ಗಿಸಿದ ಬೆಂಗಳೂರಿಗರ ಮೊಮ್ಮಕ್ಕಳು ಇಂದು ಸಂಜೆಯಾಯಿತೆಂದರೆ ಸೊಳ್ಳೆಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿ, ಒಳಗೆ ಸೊಳ್ಳೆಬತ್ತಿಯನ್ನು ಹೊತ್ತಿಸಿ, ಅದೇ ಕೋಣೆಯಲ್ಲಿ ಮಗುವನ್ನು ಮಲಗಿಸುತ್ತಾರೆ. ಒಂದು ಸೊಳ್ಳೆಬತ್ತಿ ಉರಿದು ಮುಗಿಯುವಷ್ಟರಲ್ಲಿ ಹೊರಬರುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳ ಹೊಗೆಯಲ್ಲಿರುವಷ್ಟಕ್ಕೆ ಸಮವೆಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಮೂಗಿನ ಒಳಮೈಯಲ್ಲಿ ಕೂದಲಿನಂಥ ಸೂಕ್ಷ್ಮ ಎಳೆಗಳಿದ್ದು, ಧೂಳನ್ನೂ ರೋಗಾಣುಗಳನ್ನೂ ಲೋಳೆಯೊಡನೆ ಗುಡಿಸಿ ಹೊರಹಾಕುತ್ತವೆ. ಹೊಗೆ ಈ ಗುಡಿಸುವವರ ಕೈಕಟ್ಟಿಬಿಡುತ್ತದೆ. ಸಾಂಬ್ರಾಣಿ, ಊದುಬತ್ತಿಗಳ ಹೊಗೆಯೂ ದೇವರಿಗೆ ಪ್ರಿಯವಾದರೂ ಮಗುವಿನ ಗಂಟಲಿಗೆ ಪ್ರಿಯವಲ್ಲ. ಹೊತ್ತಿಸಿದಾಗ ಒಂದು ಕಿಟಕಿಯನ್ನಾದರೂ ತೆರೆದಿಡಬೇಕು. ಮಲಗುವುದಕ್ಕೆ ಸೊಳ್ಳೆಪರದೆಯೇ ಲೇಸು. ಮನೆಯೊಳಗೆ ಬೀಡಿ ಸಿಗರೇಟು ಸೇದುವ ಯಜಮಾನರ ವಿಚಾರವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆಯುವ ನಿಯಮ 2008ರ ಅಕ್ಟೋಬರಿನಲ್ಲಿ ದೇಶದಾದ್ಯಂತ ಜಾರಿಗೆ ಬಂದಿತು. ಪಡಸಾಲೆಯ ನಿಯಮವನ್ನು ಮನೆಯೊಡತಿಯೇ ಜಾರಿಗೆ ತರಬೇಕು.

ಇಲ್ಲಿಂದ ಮಾತು ಅಡುಗೆಮನೆಗೆ ಹೊರಳುತ್ತದೆ. ಪೇಟೆಯ ಎಷ್ಟೋ ಮನೆಗಳಲ್ಲಿ, ಮಗುವಿಗೆ ನೆಗಡಿಯಾದ ದಿನ, ಊಟದ ವೇಳೆಗೆ ಈ ಬಗೆಯ ಸಂವಾದ ಕೇಳಿಬರುವುದುಂಟು:

‘ಮೊಸರು ಹಾಕಬೇಡ ಕಣಮ್ಮ ಮಗೂಗೆ, ಕಫ ಕಟ್ಟುತ್ತೆ. ಬಾಳೆಹಣ್ಣೂ ಬೇಡ. ಹಾಲೂ ಬೇಡ. ತಿಳಿಸಾರಿನ ಅನ್ನ ಎರಡು ತುತ್ತು ಸಾಕು.’

‘ಬೆಳಗ್ಗೆಯಿಂದ ಏನೂ ತಿಂದಿಲ್ಲ ಅತ್ತೆ. ಮೊಸರನ್ನ ಆದರೆ ತಿಂತೀನಿ ಅಂತಾನೆ.’

‘ನೀವೆಲ್ಲ ಓದಿದೋರು. ನಾನು ನಾಲ್ಕು ಮಕ್ಕಳನ್ನ ಸಾಕಿದೋಳು.’

ಇಬ್ಬರಲ್ಲಿ ಯಾರ ಕಡೆಗೆ ನ್ಯಾಯವಿದೆ? ಹಾಲಿನಿಂದ ಕಫ ಹೆಚ್ಚುವುದೇ ಎಂಬುದನ್ನು ಆಸ್ಟ್ರೇಲಿಯದಲ್ಲಿ 1990ರ ಸುಮಾರಿಗೆ, ನೆಗಡಿಯ ವೈರಸ್ಸನ್ನು ಹನಿಸಿಕೊಂಡ ಸ್ವಯಂಸೇವಕರ ಮೂಗಿನ ದ್ರವವನ್ನು ತೂಗಿಯೇ ನೋಡಿದರು. ಹೆಚ್ಚು ಹಾಲು ಕುಡಿದವರಲ್ಲಿ ದ್ರವ ಹೆಚ್ಚಲಿಲ್ಲ. ಹಾಲು ಬಾಯಿಯ ಜೊಲ್ಲಿನೊಡನೆ ಬೆರೆತು ಗಂಟಲಲ್ಲಿ ಮಂದವಾಗಿ ತೋರುವುದರಿಂದ ಕಫವೆಂಬ ಭಾವನೆ ಬರುತ್ತದೆ, ಅಷ್ಟೆ. ಮೊಸರಿನಂಥ ಹುದುಗಿದ ಆಹಾರದಲ್ಲಿರುವ ಕೆಲವು ಜೀವಾಣುಗಳಂತೂ ನೆಗಡಿಯ ಸಂಖ್ಯೆಯನ್ನು ತುಸು ತಗ್ಗಿಸುವಂತೆ ಪ್ರಯೋಗಗಳಲ್ಲಿ ಕಂಡಿವೆ. ಫ್ರಿಜ್ಜಿನಿಂದ ಆಗತಾನೆ ತೆಗೆದ ಮೊಸರು ನೊಂದ ಗಂಟಲಿಗೆ ಅಹಿತವಾಗಬಹುದು. ಹೊರಗಿಟ್ಟು ಬಿಸಿ ಅನ್ನಕ್ಕೆ ಕಲಸಿದ ಮೊಸರಿನಲ್ಲಿ ಹೆದರಬೇಕಾದುದೇನೂ ಇಲ್ಲ. ಒಂದೆರಡು ದಿನ ಹಸಿವು ಮಂದವಾದಾಗ ಬಲವಂತ ಮಾಡಬಾರದೆಂಬ ಅಜ್ಜಿಯ ಅನುಭವವೂ ಸರಿಯೇ. ಆದರೆ ಕೇಳುವ ಮಗುವಿಗೆ ಕೊಡದಿರುವುದು ಸರಿಯಲ್ಲ.

ಏಕೆಂದರೆ ಇಲ್ಲೊಂದು ಲೆಕ್ಕವಿದೆ. ಎಳೆಯ ಮಗುವಿಗೆ ವರ್ಷಕ್ಕೆ 6–8 ನೆಗಡಿಗಳು. ಒಂದೊಂದೂ 7ರಿಂದ 10 ದಿನ. ಕೂಡಿಸಿದರೆ ಹೆಚ್ಚುಕಡಿಮೆ ಎರಡು ತಿಂಗಳು. ಪ್ರತಿ ಸಲವೂ ಹಾಲು, ಮೊಸರು, ಹಣ್ಣು ಮೂರನ್ನೂ ಬಿಡಿಸಿದರೆ ಮಗು ವರ್ಷಕ್ಕೆ ಎರಡು ತಿಂಗಳು ಪಥ್ಯದಲ್ಲಿ ಕಳೆದಂತಾಯಿತು. ಬೆಳೆಯುವ ದೇಹಕ್ಕೆ ಇದು ಸಣ್ಣ ನಷ್ಟವಲ್ಲ. ಅಪೌಷ್ಟಿಕತೆಯಿಂದ ಸೋಂಕು, ಸೋಂಕಿನಿಂದ ಅಪೌಷ್ಟಿಕತೆ, ಹೀಗೆ ಒಂದು ಇನ್ನೊಂದನ್ನು ಎಳೆದುತರುವ ಗಾಣದ ಸುತ್ತಾಟವನ್ನು ನೆವಿನ್ ಸ್ಕ್ರಿಮ್‌ಷಾ ಮತ್ತು ಸಂಗಡಿಗರು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಗ್ರಂಥದಲ್ಲಿ ವಿವರಿಸಿದರು. ಅದಕ್ಕೂ ಮುಂಚೆ, ನೆರೆಯ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಉಣಿಸಿ ನೋಡಿದ್ದರು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿಗಳ ಪಂಜಾಬಿನ ಊಟ ಉಂಡ ಇಲಿಗಳು ಪುಷ್ಟವಾಗಿ ಬೆಳೆದವು. ನಯಮಾಡಿದ ಅಕ್ಕಿಯೇ ಹೆಚ್ಚಾಗಿ, ಹಾಲು ಸೊಪ್ಪುಗಳು ಕಡಿಮೆಯಾದ ದಕ್ಷಿಣದ ಬಡವರ ಊಟ ಉಂಡವು ಸೊರಗಿದವು. ಕಳಪೆ ಆಹಾರದ ಇಲಿಗಳಲ್ಲಿ ಶ್ವಾಸಾಂಗಗಳ ಬೇನೆ ಹೆಚ್ಚಾಗಿ ಕಂಡಿತು. ಆ ಸಂಶೋಧನಾಲಯವೇ ಮುಂದೆ ಹೈದರಾಬಾದಿಗೆ ಸಾಗಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಸಾರು ಅನ್ನಗಳಿಂದಲೇ ತೃಪ್ತರಾಗುವ ದಕ್ಷಿಣದವರು ಇದನ್ನು ಮರೆಯಬಾರದು. ತಟ್ಟೆಯಲ್ಲಿ ಬೇಳೆ ಕಾಳು, ಸೊಪ್ಪು, ಹಾಲು ಮೊಸರು, ಒಂದು ಹಣ್ಣು, ಒಪ್ಪುವವರಿಗೆ ಮೊಟ್ಟೆ. ವಾರದಲ್ಲಿ ಕೆಲವು ದಿನ ಅನ್ನದ ಬದಲು ರಾಗಿ ಮುದ್ದೆ. ಕೈಕೂಸಿಗಾದರೆ ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಊಟವೂ ಹೌದು, ರಕ್ಷೆಯೂ ಹೌದು. ಮೊಲೆಹಾಲುಂಡ ಮಕ್ಕಳಿಗೆ ಕಿವಿ ಮೂಗು ಗಂಟಲುಗಳ ಸೋಂಕು ಕಡಿಮೆ.

ಹಣ್ಣಿನ ಮಾತು ಬಂದಾಗ ಸಿ ಜೀವಸತ್ವದ ಮಾತು ಬರದೆ ಇರದು. ಎರಡು ನೊಬೆಲ್ ಬಹುಮಾನಗಳನ್ನು ಪಡೆದ ಲೈನಸ್ ಪೌಲಿಂಗ್ 1970ರಲ್ಲಿ ಒಂದು ಪುಸ್ತಕ ಬರೆದು, ಸಿ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಸೇವಿಸಿದರೆ ನೆಗಡಿಯೇ ಬಾರದೆಂಬ ನಂಬಿಕೆಯನ್ನು ಲೋಕದಲ್ಲೆಲ್ಲ ಹಬ್ಬಿಸಿದರು. ಅನಂತರ ನಡೆದ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಾಮಾನ್ಯ ಜನರಲ್ಲಿ ನೆಗಡಿಯ ಸಂಖ್ಯೆ ಕಡಿಮೆಯಾಗಲಿಲ್ಲ. ನಿತ್ಯವೂ ತೆಗೆದುಕೊಳ್ಳುವವರಿಗೆ ನೆಗಡಿಯ ಅವಧಿ ದೊಡ್ಡವರಲ್ಲಿ ನೂರಕ್ಕೆ 8ರಷ್ಟು, ಮಕ್ಕಳಲ್ಲಿ ನೂರಕ್ಕೆ 14ರಷ್ಟು ತಗ್ಗಿತು. ನೆಗಡಿ ಹಿಡಿದ ಮೇಲೆ ನುಂಗಲು ಆರಂಭಿಸಿದವರಿಗೆ ನೆಚ್ಚಬಹುದಾದ ಪ್ರಯೋಜನ ಕಾಣಲಿಲ್ಲ. ಹತ್ತು ದಿನದ ನೆಗಡಿ ಒಂಬತ್ತು ದಿನವಾಗುವುದು ಗುಳಿಗೆಯ ಡಬ್ಬಿಗಳಿಗೆ ಹಣ ಸುರಿಯುವಷ್ಟು ದೊಡ್ಡ ಲಾಭವಲ್ಲ. ತಳ್ಳುಗಾಡಿಯಲ್ಲಿ ಉಪ್ಪು ಖಾರ ಸವರಿ ಮಾರುವ ಸೀಬೆಹಣ್ಣಿನಲ್ಲಿ 100 ಗ್ರಾಮಿಗೆ 200 ಮಿಲಿಗ್ರಾಮಿಗೂ ಹೆಚ್ಚು ಸಿ ಜೀವಸತ್ವವುಂಟು. ಕಿತ್ತಳೆಗಿಂತ ಹಲವು ಪಟ್ಟು. ಬೆಟ್ಟದ ನೆಲ್ಲಿಕಾಯಿಯೂ ಅದಕ್ಕೆ ಕಡಿಮೆಯಲ್ಲ. ‘ಸೀಬೆ ಶೀತ’ವೆಂದು ದೂರವಿಟ್ಟು ಔಷಧದಂಗಡಿಯಿಂದ ಅದೇ ಸತ್ವವನ್ನು ಗುಳಿಗೆಯಾಗಿ ತರುವುದು ವಿಚಿತ್ರವಾದ ವ್ಯಾಪಾರ.

ಮೆಣಸಿನ ಸಾರು, ಶುಂಠಿ ಕಷಾಯ, ಹುರುಳಿ ಕಟ್ಟಿನ ಸಾರು, ದೊಡ್ಡಪತ್ರೆಯ ತಂಬುಳಿ ಇವುಗಳ ಗತಿಯೇನೆಂದು ಓದುಗರು ಕೇಳಬಹುದು. ಹಿಪ್ಪಲಿ, ಅತಿಮಧುರ, ಒಣಶುಂಠಿಗಳನ್ನು ಪೊಟ್ಟಣ ಕಟ್ಟಿಕೊಡುವ ಹಳೆಯ ಪೇಟೆಯ ಗ್ರಂಧಿಗೆ ಅಂಗಡಿಗಳು ಬಾಗಿಲು ಹಾಕಬೇಕಾಗಿಲ್ಲ. ಇವು ವೈರಸ್ಸನ್ನು ಕೊಲ್ಲುವುದಿಲ್ಲ. ಆದರೆ ಸುಖ ಕೊಡುತ್ತವೆ. ಕಾರ್ಡಿಫಿನಲ್ಲಿಯೇ 2008ರಲ್ಲಿ ಒಂದೇ ಹಣ್ಣಿನ ಪಾನಕವನ್ನು ಕೆಲವರಿಗೆ ಬಿಸಿಯಾಗಿಯೂ ಕೆಲವರಿಗೆ ತಣ್ಣಗೂ ಕೊಟ್ಟು ನೋಡಿದಾಗ, ಗಂಟಲು ನೋವು, ಚಳಿ, ದಣಿವುಗಳಿಗೆ ಬಿಸಿ ಪಾನಕವೇ ಹೆಚ್ಚು ಹಿತ ತಂದಿತು. ಮೆಣಸಿನ ಖಾರ ಕಟ್ಟಿದ ಮೂಗನ್ನು ಕರಗಿಸಿ ಸುರಿಸುತ್ತದೆ. ದಕ್ಷಿಣದ ಮೆಣಸಿನ ಸಾರಿನ ರುಚಿ ಕಂಡ ಇಂಗ್ಲಿಷರು, ತಮಿಳಿನ ‘ಮಿಳಗು ತಣ್ಣಿ’ಯನ್ನು ‘ಮಲ್ಲಿಗಟಾನಿ’ ಎಂದು ಉಚ್ಚರಿಸಿ ತಮ್ಮ ಊರಿಗೂ ಕೊಂಡೊಯ್ದರು. ಒಂದು ಚಮಚ ಜೇನುತುಪ್ಪ ಮಗುವಿನ ರಾತ್ರಿಯ ಕೆಮ್ಮನ್ನು ಶಮನಗೊಳಿಸುವುದೆಂಬುದಕ್ಕೂ ಆಧಾರವಿದೆ. ಆದರೆ ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೇಬಾರದು, ಬಾಟುಲಿಸಂ ಎಂಬ ವಿಷಮ ರೋಗದ ಭಯವುಂಟು. ಕುದಿಯುವ ನೀರಿನ ಪಾತ್ರೆಯ ಮೇಲೆ ಮಗುವಿನ ತಲೆ ಬಗ್ಗಿಸಿ ಕಂಬಳಿ ಹೊದಿಸುವ ಪದ್ಧತಿಯನ್ನು ಕೈಬಿಡುವುದೇ ಕ್ಷೇಮ. ಅದರಿಂದ ನೆಗಡಿ ಬೇಗ ಗುಣವಾಗುವುದೆಂಬುದಕ್ಕೆ ಆಧಾರ ಸಾಲದು. ನೀರು ಚೆಲ್ಲಿ ಮೈಸುಟ್ಟುಕೊಂಡ ಮಕ್ಕಳನ್ನಂತೂ ಆಸ್ಪತ್ರೆಗಳು ನೋಡುತ್ತಲೇ ಇವೆ.

ಕಾಸು ಬೇಡದ ಉಪಾಯಗಳೂ ಕೆಲವಿವೆ. ಜಪಾನಿನಲ್ಲಿ 387 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ ಮೂರು ಸಲವಾದರೂ ಬರಿಯ ನೀರಿನಿಂದ ಗಂಟಲು ಮುಕ್ಕಳಿಸಿದವರಿಗೆ ನೆಗಡಿ ಗಂಟಲುನೋವುಗಳು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾದವು. ಹೊರಗಿನಿಂದ ಬಂದೊಡನೆ ಕೈಕಾಲು ತೊಳೆದು ಬಾಯಿ ಮುಕ್ಕಳಿಸಿ ಒಳಗೆ ಬಾ ಎನ್ನುತ್ತಿದ್ದ ಹಿರಿಯರು ಇದನ್ನು ಕೇಳಿದ್ದರೆ ಮೀಸೆಯಡಿಯಲ್ಲಿ ನಕ್ಕಾರು. ಕೈಗೆ ಸಾಬೂನು ಹಚ್ಚಿ ಉಜ್ಜುವ ಅಭ್ಯಾಸವೂ ಅಷ್ಟೇ ಬೆಲೆಯುಳ್ಳದ್ದು. ಇನ್ನು ನಡಿಗೆ. ಅಮೆರಿಕದಲ್ಲಿ 1,002 ಮಂದಿಯನ್ನು 12 ವಾರ ಗಮನಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಂತೆ, ವಾರಕ್ಕೆ ಐದು ದಿನವಾದರೂ ಮೈದಣಿಸುವವರು ನೆಗಡಿಯಲ್ಲಿ ಕಳೆದ ದಿನಗಳು, ಕುಳಿತೇ ಇರುವವರಿಗಿಂತ ನೂರಕ್ಕೆ 43ರಷ್ಟು ಕಡಿಮೆ. ಲಾಲ್‌ಬಾಗಿನ ಬೆಳಗಿನ ನಡಿಗೆ ಮುಗಿಸಿ ಸೀದಾ ಮಸಾಲೆ ದೋಸೆಯ ಕಡೆಗೆ ನಡೆಯುವವರಿಗೂ ಇಷ್ಟು ಪುಣ್ಯ ದಕ್ಕುತ್ತದೆ.

ಇಷ್ಟೆಲ್ಲ ಮಾಡಿದರೂ ನೆಗಡಿ ಬಂದೇ ಬರುತ್ತದೆ, ತಾನಾಗಿ ಹೋಗುತ್ತದೆ. ಬಂದ ಮೇಲೆ ಔಷಧದಂಗಡಿಯವನ ಮುಂದೆ ನಿಂತು ‘ಮೊನ್ನೆ ಕೊಟ್ಟಿದ್ದಿರಲ್ಲ, ಅದೇ ಮೂರು ಮಾತ್ರೆ ಕೊಡಿ’ ಎನ್ನುವುದೇ ಮಾಮೂಲಿನ ಅತ್ಯಂತ ಅಪಾಯಕರವಾದ ಭಾಗ. ಆಂಟಿಬಯಾಟಿಕ್ ಔಷಧಗಳು ಬ್ಯಾಕ್ಟೀರಿಯಗಳನ್ನು ಕೊಲ್ಲತಕ್ಕವು. ವೈರಸ್ಸಿನ ಮೇಲೆ ಅವುಗಳ ಆಟ ಸಾಗದು. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರಕೂಡದೆಂದು ಕಾನೂನೂ ಉಂಟು. ಬೇಡದಿರುವಾಗ ನುಂಗುತ್ತ ಬಂದರೆ ದೇಹದಲ್ಲಿರುವ ಬ್ಯಾಕ್ಟೀರಿಯಗಳು ಔಷಧಕ್ಕೆ ಪಳಗುತ್ತವೆ. ನಿಜವಾಗಿ ಬೇಕಾದ ದಿನ ಔಷಧ ಕೈಕೊಡುತ್ತದೆ. ಕೆಮ್ಮಿನ ಸಿರಪ್ಪುಗಳ ವಿಷಯದಲ್ಲಿಯೂ ಎಚ್ಚರ ಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷಬೆರೆತ ಕೆಮ್ಮಿನ ಸಿರಪ್ಪು ಕುಡಿದು ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ಮಕ್ಕಳಿಗೂ ಮೊದಲು ಬಂದದ್ದು ಮಾಮೂಲಿನ ಕೆಮ್ಮು ನೆಗಡಿ ಜ್ವರಗಳೇ.

ಆಂಟಿಬಯಾಟಿಕ್ ಬೇಕಾಗುವ ದಿನವೂ ಒಂದುಂಟು. ಅದನ್ನು ಗುರುತಿಸುವುದೇ ತಂದೆತಾಯಿಗಳ ಜಾಣ್ಮೆ. ಐದರಿಂದ ಹದಿನೈದು ವರ್ಷದ ಮಗುವಿಗೆ ಮೂಗು ಸುರಿಯದೆ, ಕೆಮ್ಮೂ ಇಲ್ಲದೆ, ಥಟ್ಟನೆ ಜ್ವರವೇರಿ, ಉಗುಳು ನುಂಗಲಾಗದಷ್ಟು ಗಂಟಲು ನೊಂದು, ದವಡೆಯ ಕೆಳಗೆ ಗಂಟುಗಳು ಊದಿದ್ದರೆ ಅದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದ ಸೋಂಕಾಗಿರಬಹುದು. ಅದನ್ನು ಕಷಾಯಕ್ಕೆ ಬಿಟ್ಟುಬಿಟ್ಟರೆ, ಅಥವಾ ಎರಡು ದಿನ ಮಾತ್ರೆ ನುಂಗಿಸಿ ಜ್ವರ ಬಿಟ್ಟೊಡನೆ ನಿಲ್ಲಿಸಿದರೆ, ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ಬಳಿಕ ಕೀಲುಗಳು ಊದುತ್ತವೆ. ಅದು ಸಂಧಿವಾತ ಜ್ವರ. ಕೀಲಿನ ಊತ ಇಳಿಯುತ್ತದೆ, ಹೃದಯದ ಕವಾಟಕ್ಕೆ ಬಿದ್ದ ಗಾಯ ಮಾತ್ರ ಉಳಿಯುತ್ತದೆ. ಬಾಲ್ಯದ ಆ ಗಂಟಲುನೋವಿನ ಋಣವನ್ನು ಮೂವತ್ತರ ವಯಸ್ಸಿನಲ್ಲಿ ಕವಾಟದ ಶಸ್ತ್ರಚಿಕಿತ್ಸೆಯಿಂದ ತೀರಿಸಬೇಕಾದವರು ಈ ದೇಶದಲ್ಲಿ ಅಸಂಖ್ಯರು. ಗಂಟಲು ನೊಂದ ಮೊದಲ ಒಂಬತ್ತು ದಿನಗಳೊಳಗೆ ವೈದ್ಯರ ಸಲಹೆಯಂತೆ ಪೆನಿಸಿಲಿನ್ ಕೊಟ್ಟು, ಹೇಳಿದಷ್ಟು ದಿನವೂ ಪೂರೈಸಿದರೆ ಇದನ್ನು ತಪ್ಪಿಸಬಹುದು.

ಇನ್ನು ಕೆಲವು ಗುರುತುಗಳನ್ನು ಪ್ರತಿ ಗೃಹಿಣಿಯೂ ನೆನಪಿನಲ್ಲಿಡತಕ್ಕದ್ದು. ಮಗು ಸುಮ್ಮನಿರುವಾಗ ಅದರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಒಂದರಿಂದ ಐದು ವರ್ಷದ ಮಗುವಿಗೆ 40. ಉಸಿರು ಈ ಗಡಿಯನ್ನು ಮುಟ್ಟಿದರೆ, ಇಲ್ಲವೆ ಉಸಿರೆಳೆದಾಗ ಪಕ್ಕೆ ಒಳಸರಿದರೆ, ರೋಗ ಮೂಗಿನಿಂದ ಎದೆಗೆ ಇಳಿದಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಗು ಹಾಲು ನೀರು ಕುಡಿಯದಿದ್ದರೆ, ಕಿವಿ ಸೋರಿದರೆ, ಜ್ವರ ಮೂರು ದಿನ ಮೀರಿದರೆ, ಗಂಟಲಲ್ಲಿ ಬೂದುಬಣ್ಣದ ಪೊರೆ ಕಂಡರೆ ಆಗಲೂ ಹಾಗೆಯೇ. ಮನೆಯ ವೃದ್ಧರಿಗೆ, ಸಕ್ಕರೆ ಕಾಯಿಲೆ, ಉಬ್ಬಸ, ಹೃದ್ರೋಗಗಳಿರುವವರಿಗೆ ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜ ಲಸಿಕೆ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಬೇಕು. ಎಲ್ಲ ಕೆಮ್ಮೂ ಮಾಮೂಲಿನದಲ್ಲವೆಂದು ಈ ಊರಿಗೆ 1918ರ ಇನ್‌ಫ್ಲುಯೆಂಜ ಒಮ್ಮೆ ಹೇಳಿತ್ತು. 2020ರಲ್ಲಿ ಕೋವಿಡ್ ಅದನ್ನೇ ಮತ್ತೆ ಹೇಳಿತು. ಆಗ ಕಲಿತ ಒಂದು ಸಣ್ಣ ಮರ್ಯಾದೆಯನ್ನಾದರೂ ಉಳಿಸಿಕೊಳ್ಳಬಹುದಾಗಿತ್ತು: ನೆಗಡಿಯಾದವರು ಬಾಯಿ ಮೂಗುಗಳಿಗೆ ಮಾಸ್ಕು ಕಟ್ಟಿಕೊಂಡು ಪೇಟೆಗೆ ಇಳಿಯುವುದು, ಸೀನುವಾಗ ಮೊಣಕೈಯನ್ನು ಅಡ್ಡ ಹಿಡಿಯುವುದು.

ಅತ್ತೆ ಸೊಸೆಯರ ವ್ಯಾಜ್ಯಕ್ಕೆ ಇದರಲ್ಲಿ ರಾಜಿಯ ದಾರಿಯೂ ಇದೆ. ಮೆಣಸಿನ ಸಾರು ಅತ್ತೆಯದಿರಲಿ, ಕೊನೆಗೆ ಬೆಚ್ಚಗಿನ ಮೊಸರನ್ನ ಸೊಸೆಯದಿರಲಿ. ಸೊಳ್ಳೆಬತ್ತಿಯನ್ನು ಆರಿಸಿ ಪರದೆ ಕಟ್ಟುವ ಕೆಲಸ ಮಗನದು. ಮಗುವಿನ ಪಾಲಿಗೆ ಒಂದೇ ಕೆಲಸ: ಉಂಡು, ಒಂಬತ್ತು ಗಂಟೆಗೆ ಮಲಗುವುದು.